ಲಗೇಜು

ಆಟೋ ಎರಡೇ ಟ್ರಿಪ್ಪು, ಮೂರನೆಯದಕ್ಕೆ ದುಡ್ಡಿಲ್ಲ
ಎಂದಳು ಹಾಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ.
ನಿಟುವಳ್ಳಿಯ ಮನೆಗಿಂತ ಆವರಗೆರೆಯದು
ಒಂದು ಕೋಣೆ ಕಮ್ಮಿ.
ಕಮ್ಮಿಯಾದ ಕೋಣೆ ಯಾರದೆಂದು
ಅವಳು ಬಾಯಿ ಬಿಟ್ಟು ಹೇಳಲಿಲ್ಲ,
ಅಟ್ಟದ ಕಡೆ ನೋಡಿದಳು, ಅಷ್ಟೆ.

ಅಟ್ಟದ ಮೇಲೆ ನನ್ನ ಬೆಂಕಿಪೊಟ್ಟಣದ ಚಿತ್ರಗಳು.
ಮೂರು ಸಾವಿರದ ನೂರ ಹನ್ನೊಂದು.
ಇಪ್ಪತ್ತೊಂಬತ್ತು ವರ್ಷ ಜಗಳೂರು, ಚಳ್ಳಕೆರೆ, ಬಳ್ಳಾರಿ ರೂಟಿನಲ್ಲಿ
ಸೀಟಿನ ಕೆಳಗೆ ಬಗ್ಗಿದವನು ನಾನು.
ಚಿಲ್ಲರೆ ಬಿತ್ತಾ ಕಂಡಕ್ಟರೇ, ಎಂದು ಜನ
ಕಾಲೆತ್ತಿ ಜಾಗ ಕೊಡುತ್ತಿದ್ದರು.
ಬೀಡಿ ಹಚ್ಚಿ ಬಿಸಾಕಿದ ಖಾಲಿ ಪೊಟ್ಟಣ,
ಅದರ ಬೆನ್ನ ಮೇಲೆ ಜಿಂಕೆ, ದೋಣಿ, ಕೀಲಿಕೈ,
ಒಂದರಲ್ಲಿ ಬರೀ ಒಂದು ಬದನೆಕಾಯಿ.
ಜಗಳೂರಿನ ಅಜ್ಜನೊಬ್ಬ ಟಿಕೆಟ್ಟಿನ ಬದಲು ಕೊಟ್ಟ ಆನೆ,
ಅವನ ದುಡ್ಡು ನಾನೇ ಕಟ್ಟಿದೆ, ಡಿಪೋದಲ್ಲಿ ಕೇಳಬೇಡಿ.
ರಾತ್ರಿ ಕಲೆಕ್ಷನ್ ಒಪ್ಪಿಸಿ ಮನೆಗೆ ಬಂದು
ಬೋಗುಣಿಯ ನೀರಲ್ಲಿ ನೆನೆಸಿ
ಚಿತ್ರ ತಾನಾಗಿ ಬಿಡುವ ತನಕ ಕೂರುವುದು.
ಎಳೆದರೆ ಹರಿಯುತ್ತದೆ. ಕಾಯಬೇಕು.
ಬದುಕಿನಲ್ಲಿ ಇದೊಂದನ್ನೇ ನೀವು ತಾಳ್ಮೆಯಿಂದ ಮಾಡಿದ್ದು
ಎಂದು ಹಾಲಮ್ಮನ ದೂರು.

ಪುಸ್ತಕಗಳೂ ಇದ್ದವು.
ಮದ್ರಾಸಿನಿಂದ ವಿ.ಪಿ.ಯಲ್ಲಿ ತರಿಸಿದ ದಪ್ಪ ಕ್ಯಾಟಲಾಗು,
ಇಂಗ್ಲಿಷಿನದು; ನಾನು ಓದಿದ್ದು ನಂಬರು ಮಾತ್ರ.
ಸಂಗ್ರಹ ಮಾಡುವವರ ಸಂಘದ ಪತ್ರಿಕೆ, ಒಂದರಿಂದ ನಲವತ್ತು
(ಹದಿನೇಳು ಇಲ್ಲ. ತಮ್ಮನ ಮದುವೆಯ ಗಲಾಟೆಯಲ್ಲಿ
ಯಾರೋ ಅದರಲ್ಲಿ ಕೂಸಿನ ಕುಂಡಿ ಒರೆಸಿದರು).

ಮಂಡಕ್ಕಿ ಅಂಗಡಿಯ ಕೊಟ್ರಯ್ಯನ ಮುಂದಿಟ್ಟೆ:
ಪೊಟ್ಟಣ ಕಟ್ಟಲಿಕ್ಕೆ ಆಗುತ್ತೆ, ಪುಕ್ಕಟೆ ತಗೋ.
ಒಂದು ಹಾಳೆ ಎಳೆದು ಬೆರಳಲ್ಲಿ ತಿಕ್ಕಿದ.
"ನುಣುಪೈತಲ್ರೀ. ಎಣ್ಣಿ ಕುಡಿಯಲ್ಲ ಇದು.
ಮಿರ್ಚಿ ಇಟ್ರೆ ಗಿರಾಕಿ ಅಂಗಿಗೆ ಇಳೀತತಿ."
ನುಣುಪು ಕಾಗದವೆಂದೇ ಅವತ್ತು
ಹತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದೆ.

ಗುಜರಿಯ ಜಬೀವುಲ್ಲಾ ತಕ್ಕಡಿ ತಂದ.
ಕಿಲೋಗೆ ಹನ್ನೆರಡು. ರಟ್ಟು ಕಿತ್ತು ಬೇರೆ ಇಟ್ಟ, ಅದಕ್ಕೆ ಆರು.
ಮೂಟೆ ನೋಡಿಯೇ ಲಗೇಜಿನ ತೂಕ ಹೇಳುತ್ತಿದ್ದವನು ನಾನು,
ಮುಳ್ಳು ನಿಲ್ಲುವ ಮೊದಲೇ ಅಂದೆ: ಹದಿನಾಲ್ಕೂವರೆ.
ಹದಿನಾಲ್ಕೂವರೆಯೇ.
ಅವನು ಖುಷಿಯಾಗಿ ಐದು ರೂಪಾಯಿ ಮೇಲೆ ಹಾಕಿದ.
ಟಿಕೆಟ್ಟು ಹರಿಯುವ ಹೆಬ್ಬೆರಳು
ಸುಮ್ಮನೆ ಗಾಳಿಯಲ್ಲಿ ಆಡಿತು.

ಆಲ್ಬಮ್ಮುಗಳನ್ನು ಕೆಳಮನೆಯ ಸಿಂಚನಾಗೆ ಕೊಟ್ಟೆ, ಏಳನೇ ಕ್ಲಾಸು.
ಎದೆಗೊತ್ತಿಕೊಂಡು ಓಡಿದಳು. ನನಗೆ ಗಂಟಲು ಕಟ್ಟಿತು.
ದಸರಾ ರಜೆ ಪೂರ್ತಿ ಅವಳ ಸುಳಿವಿಲ್ಲ.
ರಜೆ ಮುಗಿದ ಸಂಜೆ ಬಂದಳು, ಕೈಯಲ್ಲೊಂದು ಕ್ಯಾರಿಬ್ಯಾಗು:
"ತಾತ, ಎಲ್ಲಾ ಬಿಡಿಸಿದೀನಿ, ಒಂದೂ ಹರಿದಿಲ್ಲ.
ಆಲ್ಬಮ್ ಚೆನ್ನಾಗೈತೆ. ಎಲೆ ಅಂಟಿಸ್ತೀನಿ, ಪ್ರಾಜೆಕ್ಟಿಗೆ."
ಹೆಂಗೆ ಬಿಡಿಸಿದೆ?
"ಒದ್ದೆ ಹತ್ತಿ ಇಟ್ಟು ಕಾಯ್ದೆ. ತಾವೇ ಬಂದ್ವು."
ಬೈಯಲು ಬಾಯಿ ಬರಲಿಲ್ಲ.

ಆವರಗೆರೆಯಲ್ಲಿ ಹಾಲು ಉಕ್ಕಿಸುವ ಹೊತ್ತು.
ಗ್ಯಾಸಿನ ಲೈಟರು ಯಾವ ಗಂಟಿನಲ್ಲೋ.
ಕ್ಯಾರಿಬ್ಯಾಗಿನಲ್ಲಿ
ಮೂರು ಸಾವಿರದ ನೂರ ಹನ್ನೊಂದು ಬೆಂಕಿಪೊಟ್ಟಣ,
ಮನೆಯಲ್ಲಿ ಒಂದು ಕಡ್ಡಿಯಿಲ್ಲ.
ಪಾತ್ರೆ ಹಿಡಿದು ಹಾಲಮ್ಮ ನನ್ನನ್ನೇ ನೋಡಿದಳು,
ಆಮೇಲೆ ನಕ್ಕಳು,
ಗೋಡೆ ಹಿಡಿದುಕೊಂಡು ನಕ್ಕಳು.

ಮೂಲೆಯಂಗಡಿಗೆ ಓಡಿದೆ. ಎರಡು ರೂಪಾಯಿ.
ಗೀರಿ ಹಚ್ಚಿದಳು; ಹಾಲು ಪೂರ್ವಕ್ಕೇ ಉಕ್ಕಿತು.
ಪೊಟ್ಟಣವನ್ನು ಒಲೆಯ ಪಕ್ಕ, ಒದ್ದೆ ಕಲ್ಲಿನ ಮೇಲೆ ಇಟ್ಟಳು.
ಅದರ ಮೇಲೊಂದು ಮುಂಗುಸಿ,
ಬಾಲ ಎತ್ತಿ, ಹಿಂದಕ್ಕೆ ತಿರುಗಿ ನೋಡುವ ಮುಂಗುಸಿ.

"ಅಲ್ಲಿ ಬೇಡ" ಎಂದೆ.
"ಯಾಕೆ?"
"ತೇವ ಆದ್ರೆ ಹತ್ತಲ್ಲ" ಎಂದೆ,
ಕಡ್ಡಿಯ ಬಗ್ಗೆ ಮಾತಾಡುವವನ ಹಾಗೆ.